ಗೋದಾಮಿನಲ್ಲಿ ಇಟ್ಟ ಹಸೆಮಣೆ

ಕಲಾಪ್ರದರ್ಶನ ಏರ್ಪಡಿಸುವುದನ್ನು ಕಲಿಸುವ ಕೆಲಸ ಸಿಕ್ಕಿದೆ, ಏನಾದರೂ ಬುದ್ಧಿ ಹೇಳಿ ಅಂತ ವಿಮಲಾಳ ಮಗಳು ಮೊನ್ನೆ ಮನೆಗೆ ಬಂದಿದ್ದಳು. ವಿಮಲಾ ನನ್ನ ಹಳೆಯ ವಿದ್ಯಾರ್ಥಿನಿ. "ಬುದ್ಧಿ ಇದ್ದಿದ್ದರೆ ನಾನು ಅಷ್ಟು ವರ್ಷ ಅದೇ ಕೆಲಸದಲ್ಲಿ ಇರ್ತಿದ್ದೆನೇನೇ ಮಾರಾಯ್ತಿ?" ಅಂದೆ. ಹುಡುಗಿ ನಕ್ಕು, ಕಾಫಿ ಕುಡಿದು ಹೋಯಿತು. ಅವಳು ಹೋದ ಮೇಲೆ, ಹೇಳಬೇಕಾದ ಮಾತು ಒಂದಿದೆ, ಅದನ್ನು ತರಗತಿಯಲ್ಲಿ ಒಂದು ಸಲವೂ ಬಾಯಿಬಿಟ್ಟಿಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವಾಗ ರೀಡರ್ ಆದೆ, ಯಾವಾಗ ಪ್ರೊಫೆಸರ್ ಆದೆ ಅನ್ನುವುದೆಲ್ಲ ಪೆನ್ಷನ್ ಕಾಗದದಲ್ಲಿದೆ. ಅದನ್ನು ಇಲ್ಲಿ ಬರೆದು ಯಾರ ತಲೆಯನ್ನೂ ತಿನ್ನುವುದಿಲ್ಲ. ನಾನು ಹೇಳಹೊರಟಿರುವುದು ಎಪ್ಪತ್ತರ ದಶಕದ ನಡುವೆ, ನಾನು ಲೆಕ್ಚರರ್ ಆಗಿ ಇನ್ನೂ ಹೊಸಬಳಾಗಿದ್ದಾಗ, ಶಿಕಾರಿಪುರದ ಒಂದು ಗೋದಾಮಿನಲ್ಲಿ ಮಾಡಿದ ಪ್ರದರ್ಶನದ ಕಥೆ.

ಈಗ ನೀವು ಕ್ಯುರೇಟರ್ ಅಂತೀರಿ, ಕೇಳಲಿಕ್ಕೆ ಚೆನ್ನಾಗಿದೆ. ಆಗ ವಿಶ್ವವಿದ್ಯಾಲಯದಲ್ಲೇ ಅರ್ಧ ಜನಕ್ಕೆ ನಮ್ಮ ಕೋರ್ಸು ಯಾವುದು ಅಂತ ಗೊತ್ತಿರಲಿಲ್ಲ. ಕಚೇರಿಯ ಜವಾನ ನನ್ನನ್ನು "ಮೊಳೆ ಹೊಡೆಯೋ ಮಿಸ್ಸು" ಅಂತಿದ್ದ. ತಪ್ಪೇನಿಲ್ಲ ಬಿಡಿ, ನನ್ನ ಕೈಚೀಲದಲ್ಲಿ ಪುಸ್ತಕಕ್ಕಿಂತ ಹೆಚ್ಚು ಮೊಳೆ, ದಾರ, ತೂಗುಗುಂಡು, ಅಂಟಿನ ಬಾಟಲಿ ಇರುತ್ತಿದ್ದವು. ವರ್ಷಕ್ಕೆ ಐದಾರು ಜನ ವಿದ್ಯಾರ್ಥಿಗಳು. ಕೊನೆಯಲ್ಲಿ ಅವರು ಯಾವುದಾದರೂ ಊರಿಗೆ ಹೋಗಿ ಅಲ್ಲಿನ ಕಲೆಯನ್ನೇ ಕೂಡಿಸಿ ಪ್ರದರ್ಶನ ಮಾಡಬೇಕು. ಹೊರಗಿನಿಂದ ಪರೀಕ್ಷಕರು ಬಂದು ನೋಡಿ ಅಂಕ ಕೊಡುತ್ತಾರೆ.

ನಮ್ಮ ವಿಭಾಗದ ಮುಖ್ಯಸ್ಥರನ್ನು ಹುಡುಗರು ಇಂಚುಪಟ್ಟಿ ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಹಿಡಿದರೆ ಉಡದ ಹಿಡಿತ. ಅವರದು ಎರಡೇ ಸೂತ್ರ. ಒಂದು, ಯಾವ ವಸ್ತುವನ್ನೂ ನೆಲದ ಮೇಲೆ ಇಡಬಾರದು, ನೆಲದ ಮೇಲಿರುವುದನ್ನು ಜನ ಒದೆಯುತ್ತಾರೆಯೇ ಹೊರತು ನೋಡುವುದಿಲ್ಲ. ಎರಡು, ವಸ್ತು ಯಾವುದರ ಮೇಲೆ ನಿಂತಿದೆಯೋ ಆ ಆಧಾರ ಕಾಣಬಾರದು. ಈ ಎರಡನೆಯ ಸೂತ್ರ ಮುಂದೆ ಅವರನ್ನೇ ಕೆಡವಿತು. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ವಿಭಾಗದಲ್ಲಿ ಎಲ್ಲರೂ ನನಗೆ ಮದುವೆಯಾಗಿಲ್ಲ ಅಂದುಕೊಂಡಿದ್ದರು. ಆಗಿತ್ತು. ಹನ್ನೊಂದು ತಿಂಗಳ ಸಂಸಾರ. ಆಮೇಲೆ ಒಂದು ಜ್ವರ ಬಂತು, ಎಂಟೇ ದಿನ. ಇದ್ದಬದ್ದ ಕಂಬಳಿಯನ್ನೆಲ್ಲ ಹೊದಿಸಿದರೂ ಅವರು "ಚಳಿ, ಚಳಿ" ಅನ್ನುತ್ತಲೇ ಹೋದರು. ಆರು ವರ್ಷದ ಮೇಲೆ ಈ ಕೆಲಸಕ್ಕೆ ಬಂದಾಗ ಜವಾನ ಮಿಸ್ಸು ಅಂದ, ನಾನು ತಿದ್ದಲಿಲ್ಲ. ವಿಧವೆ ಅಂದರೆ ಎದುರು ಬಂದವರು ಹೇಗೆ ಪಕ್ಕಕ್ಕೆ ಸರಿಯುತ್ತಾರೆ ಅನ್ನುವುದನ್ನು ಸಾಕಷ್ಟು ನೋಡಿದ್ದೆ.

ಆ ವರ್ಷ ಶಿಕಾರಿಪುರ, ಸೊರಬದ ಕಡೆಯ ಕೈಕೆಲಸ ಅಂತ ವಿಷಯ ಗೊತ್ತು ಮಾಡಿದೆವು. ಶಿಕಾರಿಪುರದ ಮಾರುಕಟ್ಟೆಯ ಹಿಂದೆ ಒಬ್ಬ ವ್ಯಾಪಾರಿಯ ಖಾಲಿ ಗೋದಾಮು ಸಿಕ್ಕಿತು. ತಗಡಿನ ಸೂರು, ಎತ್ತರದಲ್ಲಿ ನಾಲ್ಕು ಕಿಂಡಿ, ಮೂಲೆಮೂಲೆಯಲ್ಲಿ ಒಣಮೆಣಸಿನಕಾಯಿಯ ಘಾಟು. ಸುಣ್ಣ ಹೊಡೆಸಿ ಒಂದು ವಾರ ಬಾಗಿಲು ತೆರೆದಿಟ್ಟರೂ ಒಳಗೆ ಹೋದವರು ಸೀನುವುದು ತಪ್ಪಲಿಲ್ಲ. ಚೌಕಟ್ಟು ಕಟ್ಟಲಿಕ್ಕೆ ಪೇಟೆಯ ಇಮಾಮ್ ಸಾಹೇಬರನ್ನು ಹಿಡಿದೆವು. ಬಡಗಿಯೂ ಹೌದು, ಫೋಟೋಗೆ ಕಟ್ಟು ಹಾಕುವವರೂ ಹೌದು. ಮಾತು ಕಡಿಮೆ, ಆಡಿದರೆ ಮೊಳೆಯ ನೆತ್ತಿಗೇ ಹೊಡೆದ ಹಾಗೆ.

ಉಡುತಡಿಯ ಕುರಿ ಸಾಕುವ ಒಬ್ಬ ಯಜಮಾನ ತನ್ನ ಕರಿಕಂಬಳಿ ಕೊಟ್ಟ. ಅವನ ಅಜ್ಜ ನೇಯ್ದದ್ದು, ಅಂಚಿನಲ್ಲಿ ಬಿಳಿ ನೂಲಿನ ಹಾವಿನಂಥ ಎಳೆ. ಕೊಡುವಾಗಲೇ, "ಚಳಿ ಆದ್ರ ಬಂದು ಒಯ್ತೀನ್ರೀ ಮೇಡಂ" ಅಂದ. ಪ್ರದರ್ಶನಕ್ಕೆ ಕೊಟ್ಟ ಮೇಲೆ ಹಾಗೆಲ್ಲ ಒಯ್ಯುವ ಹಾಗಿಲ್ಲ ಅಂತ ನಮ್ಮ ನಾಗೇಂದ್ರ ಅವನಿಗೆ ಅರ್ಧ ಗಂಟೆ ಪಾಠ ಮಾಡಿದ. ನಾಗೇಂದ್ರ ಆ ವರ್ಷದ ಅತಿ ಬುದ್ಧಿವಂತ ಹುಡುಗ, ಅವನ ಅಕ್ಷರ ಅಚ್ಚು ಹಾಕಿದ ಹಾಗೆ. ಯಜಮಾನ ಎಲ್ಲ ಕೇಳಿಸಿಕೊಂಡು, "ಆತ್ರೀ, ಚಳಿ ಆದ್ರ ಬರ್ತೀನಿ" ಅಂದು ಹೋದ.

ಇನ್ನು ಮುಖ್ಯವಾದದ್ದು ಹಸೆ ಚಿತ್ತಾರ. ಸೊರಬದ ಕಡೆ ಮದುವೆಯ ಮನೆಯಲ್ಲಿ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಹೆಂಗಸರು ಬರೆಯುತ್ತಾರೆ. ಕೂದಲೆಳೆಯಂಥ ಗೆರೆ, ಒಂದರ ಪಕ್ಕ ಒಂದು. ನಡುವಿನ ಚೌಕಕ್ಕೆ ಮನೆ ಅನ್ನುತ್ತಾರೆ, ಅದರಲ್ಲಿ ಹೆಣ್ಣು ಗಂಡಿನ ಎರಡು ಪುಟ್ಟ ಗೊಂಬೆ. ಅದರ ಮುಂದೆ ಮಣೆ ಹಾಕಿ ಮದುಮಕ್ಕಳನ್ನು ಕೂರಿಸುತ್ತಾರೆ. ಗೋಡೆಯನ್ನು ಕಿತ್ತು ತರಲಿಕ್ಕೆ ಆಗುತ್ತದೆಯೇ? ಇಮಾಮ್ ಸಾಹೇಬರು ಹಲಗೆ ಜೋಡಿಸಿ ಒಂದು ದೊಡ್ಡ ಫಲಕ ಮಾಡಿಕೊಟ್ಟರು. ಅದನ್ನು ಗಾಡಿಯ ಮೇಲೆ ಹೇರಿಕೊಂಡು ನಾನೂ ವಿಮಲಾಳೂ ಕುಪ್ಪಗಡ್ಡೆಗೆ ಹೋದೆವು. ಅಲ್ಲಿ ಚೌಡಮ್ಮ ಅಂತ, ಸುತ್ತಿನ ಹಳ್ಳಿಯವರೆಲ್ಲ ಕರೆಯುವ ಕೈ ಅವಳದು.

ಚೌಡಮ್ಮ ಗದ್ದೆಯಿಂದ ಬಂದು ಕಾಲು ತೊಳೆದುಕೊಂಡು ಫಲಕವನ್ನು ಒಂದು ಸುತ್ತು ಹಾಕಿ ನೋಡಿದಳು. "ಯಾರ್ ಮದ್ವೆಗೆ?" ಅಂದಳು.

"ಮದುವೆಗಲ್ಲಮ್ಮ, ಪ್ರದರ್ಶನಕ್ಕೆ. ಜನ ಬಂದು ನೋಡ್ತಾರೆ."

"ಜನ ನೋಡದು ಸರಿ. ಕೂರೋರು ಯಾರು?"

"ಯಾರೂ ಕೂರಲ್ಲ."

"ಹಂಗಾರೆ ಬರ್ಯದಿಲ್ಲ," ಅಂದು ಒಳಗೆ ಹೊರಟಳು. ನಾನು ಹಿಂದೆ ಬಿದ್ದೆ. ಕಲೆ, ಪರಂಪರೆ, ಮುಂದಿನ ಪೀಳಿಗೆ ಅಂತ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವಳು ಹೊಸಿಲ ಮೇಲೆ ನಿಂತು ಸಮಾಧಾನವಾಗಿಯೇ ಹೇಳಿದಳು, "ನೋಡು ತಾಯಿ. ಯಾರೂ ಕೂರದ ಹಸೆ ಬರೆದ ಕೈ ಇನ್ನೊಂದು ಹಸೆ ಬರ್ಯಂಗಿಲ್ಲ. ಬರೆದ್ರೆ ಆ ಮದ್ಮಕ್ಕಳಿಗೆ ಒಳ್ಳೇದಲ್ಲ. ಬರೋ ತಿಂಗ್ಳು ನನ್ ಮೊಮ್ಮಗಳು ಲಕ್ಷ್ಮಿ ಮದ್ವೆ. ಅದ್ಕೆ ತಾಯಿ ಇಲ್ಲ, ಸಾಕಿದೋಳು ನಾನೇ. ಈ ಮನೇಲಿ ಹಸೆ ಬರ್ಯೋ ಕೈ ಇದೊಂದೇ." ಬಲಗೈ ಎತ್ತಿ ತೋರಿಸಿದಳು. ಉಗುರಿನ ಸಂದಿಯಲ್ಲಿ ಗದ್ದೆಯ ಕೆಸರಿತ್ತು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವೇ ಇಲ್ಲ. ಪ್ರಾರಂಭಕ್ಕೆ ಹನ್ನೆರಡು ದಿನ ಉಳಿದಿತ್ತು. ಹಸೆ ಇಲ್ಲದೆ ಹೋದರೆ ಗೋದಾಮಿನ ನಡುಗೋಡೆ ಬೋಳು. ನಾನು ವಿಮಲಾಳ ಭುಜ ಹಿಡಿದು ಮುಂದೆ ತಂದು, "ನಿಜ ಹೇಳ್ತೀನಿ ಚೌಡಮ್ಮ, ಈ ಹುಡುಗೀದೇ ಮದುವೆ. ಶಿಕಾರಿಪುರದಲ್ಲಿ. ಹುಣ್ಣಿಮೆ ಕಳೆದು ಮೂರನೇ ದಿನ" ಅಂದೆ. ಅದು ಪ್ರದರ್ಶನ ಶುರುವಾಗುವ ದಿನ. ವಿಮಲಾಗೆ ಆಗ ಇಪ್ಪತ್ತೆರಡು. ಪಾಪದ ಹುಡುಗಿ, ಮುಖ ಕೆಂಪಾಯಿತು. ಅದನ್ನು ಚೌಡಮ್ಮ ನಾಚಿಕೆ ಅಂದುಕೊಂಡಳೋ ಏನೋ, ಬಹಳ ಹೊತ್ತು ನಮ್ಮಿಬ್ಬರನ್ನೂ ನೋಡಿ, "ಆಯ್ತು" ಅಂದಳು.

ಎರಡು ದಿನ ಬರೆದಳು. ಜಗಲಿಯ ಮೇಲೆ ಫಲಕ ಒರಗಿಸಿಕೊಂಡು, ಬಾಯಲ್ಲಿ ಹಾಡು ಗುನುಗುತ್ತ, ಗೆರೆ ಎಳೆಯುವಾಗ ಉಸಿರು ಹಿಡಿದು. ನಾನು ಅದೆಷ್ಟೋ ಕಲಾವಿದರ ಕೈ ನೋಡಿದ್ದೇನೆ, ಅಂಥ ಕೈ ನೋಡಿಲ್ಲ. ನಿಜ ಹೇಳಿಬಿಡಲಿಕ್ಕೆ ಎರಡು ದಿನವಿತ್ತು, ಹೇಳಲಿಲ್ಲ. ಎರಡನೇ ದಿನ ಮಧ್ಯಾಹ್ನ ನಡುವಿನ ಮನೆಗೆ ಬಂದಳು. ಹೆಣ್ಣಿನ ಗೊಂಬೆ ಬರೆದು ಕುಂಚ ಎತ್ತಿ ಹಿಡಿದು, "ಗಂಡಿನ್ ಹೆಸ್ರು ಹೇಳು" ಅಂದಳು. ಹೆಸರು ಕೇಳದೆ ಗಂಡನ್ನು ಬರೆಯುವಂತಿಲ್ಲವಂತೆ. ಹೆಣ್ಣೇ ಹೇಳಬೇಕಂತೆ.

ವಿಮಲಾ ಬೆಪ್ಪಾಗಿ ನನ್ನ ಮುಖ ನೋಡಿದಳು. ಕುಂಚದ ತುದಿಯಿಂದ ಬಿಳಿ ಹನಿ ಇನ್ನೇನು ಬೀಳುತ್ತದೆ ಅನ್ನುವಾಗ ನಾನು ಬಾಯಿ ತೆರೆದೆ. ಊರಲ್ಲಿ ಗಂಡಸರ ಹೆಸರಿಗೆ ಬರವೇ? ರಾಮ, ಭೀಮ, ಏನಾದರೂ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು "ವಾಸುದೇವ." ಅದು ನನ್ನ ಗಂಡನ ಹೆಸರು.

ಚೌಡಮ್ಮ ನನ್ನ ಕಡೆ ತಿರುಗಿದಳು. "ನೀನ್ಯಾಕೆ ಹೇಳ್ದೆ?"

"ಅವಳಿಗೆ ನಾಚಿಕೆ."

"ಹೌದಾ," ಅಂದು ಗಂಡಿನ ಗೊಂಬೆ ಬರೆದಳು. ಬರೆದು ಮುಗಿಯುವವರೆಗೂ ಹಾಡಲಿಲ್ಲ.

ಫಲಕವನ್ನು ಹುಲ್ಲು ಹಾಸಿದ ಗಾಡಿಯಲ್ಲಿ ಜೋಪಾನವಾಗಿ ಶಿಕಾರಿಪುರಕ್ಕೆ ತಂದು ನಡುಗೋಡೆಗೆ ನಿಲ್ಲಿಸಿದೆವು. ಮುಂದೆ ಹಸೆಮಣೆ ಇಡಬೇಕಲ್ಲ. ನಿಜವಾದ ಮಣೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಮುಖ್ಯಸ್ಥರು ಒಪ್ಪಲಿಲ್ಲ. ನೆಲದಿಂದ ಒಂದಡಿ ಎತ್ತರ ಇರಬೇಕು, ಕಾಲು ಕಾಣಬಾರದು, ಹಲಗೆ ಗಾಳಿಯಲ್ಲಿ ತೇಲಿದ ಹಾಗಿರಬೇಕು ಅಂತ ನಕ್ಷೆ ಬರೆದುಕೊಟ್ಟರು. ಇಮಾಮ್ ಸಾಹೇಬರು ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಅದರಂತೆಯೇ ಐದಡಿ ಹಲಗೆಯ ಅಡಿಗೆ ಎರಡು ಕಾಲುಗಳನ್ನು ನಡುಮಧ್ಯಕ್ಕೆ ಒತ್ತಿ ಕೂರಿಸಿದರು.

"ನೋಡ್ರೀ ಮೇಡಂ," ಅಂದರು ನನಗೆ, "ಕಾಲು ಒಳಗ ಅದಾವು. ಒಂದು ತುದಿಗೆ ಒಬ್ರೇ ಕುಂತ್ರ ಇನ್ನೊಂದು ತುದಿ ಮ್ಯಾಲೆ ಏಳ್ತೈತಿ. ಇಬ್ರೂ ಕೂಡೇ ಕೂರಬೇಕು. ಏಳೋವಾಗೂ ಹೇಳಿ ಏಳಬೇಕು. ಇಲ್ಲಾಂದ್ರ ಆ ಕಡಿಯವರು ಬೀಳ್ತಾರ್ರೀ."

"ಯಾರೂ ಕೂರಲ್ಲ ಬಿಡಿ ಸಾಹೇಬ್ರೆ," ಅಂದೆ.

ಮರುದಿನ ಮುಖ್ಯಸ್ಥರು ತಪಾಸಣೆಗೆ ಬಂದರು. ನಾನು ಬೇಡ ಅನ್ನುವಷ್ಟರಲ್ಲಿ, ಭದ್ರವಾಗಿದೆಯೇ ನೋಡೋಣ ಅಂತ ತುದಿಗೆ ಕೂತೇ ಬಿಟ್ಟರು. ಹಲಗೆ ಆ ಕಡೆ ಎದ್ದಿತು, ಮುಖ್ಯಸ್ಥರು ಈ ಕಡೆ ಅಂಗಾತ. ಹುಡುಗರೆಲ್ಲ ಗೋಡೆಯ ಕಡೆ ತಿರುಗಿ ಹೆಗಲು ಕುಣಿಸುತ್ತ ನಿಂತರು. ಅವರು ಎದ್ದು ಧೂಳು ಕೊಡವಿಕೊಂಡು, "ಕೂರಬಾರದು ಅಂತ ಒಂದು ಚೀಟಿ ಹಾಕಿ" ಅಂದರು. ನಾಗೇಂದ್ರ ಅಚ್ಚುಕಟ್ಟಾಗಿ ಬರೆದು ಅಂಟಿಸಿದ.

ಅಲ್ಲಿಗೆ ನಗು ಮುಗಿಯಿತು. ಪ್ರಾರಂಭಕ್ಕೆ ಐದು ದಿನ ಇದ್ದಾಗ, ಬೆಳಿಗ್ಗೆ ಬೀಗ ತೆಗೆದು ಒಳಗೆ ಹೋದ ವಿಮಲಾ ನನ್ನನ್ನು ಕೂಗಿದಳು. ಹಸೆಯ ನಡುಮನೆಯಲ್ಲಿ ಹೆಣ್ಣಿನ ಗೊಂಬೆ ಇತ್ತು. ಗಂಡಿನ ಗೊಂಬೆ ಇರಲಿಲ್ಲ. ಉದುರಿದ್ದರೆ ಗುರುತಾದರೂ ಇರಬೇಕು. ಕೆಮ್ಮಣ್ಣು ನುಣ್ಣಗೆ, ಅಲ್ಲಿ ಯಾರೂ ಏನೂ ಬರೆದೇ ಇಲ್ಲವೇನೋ ಅನ್ನುವ ಹಾಗಿತ್ತು. ಸುತ್ತಲಿನ ನೂರಾರು ಗೆರೆಗಳಲ್ಲಿ ಒಂದೂ ಮುಕ್ಕಾಗಿರಲಿಲ್ಲ.

ಗಾಡಿಯ ಕುಲುಕಾಟಕ್ಕೆ ಸಡಿಲವಾಗಿತ್ತು, ಈಗ ಬಿದ್ದಿದೆ ಅಂದರು ಮುಖ್ಯಸ್ಥರು. ಪೋಸ್ಟರ್ ಬಣ್ಣದಲ್ಲಿ ತಿದ್ದಿ ಅಂದರು. ಇಂದಿನ ಪದ್ಧತಿಯಲ್ಲಿ ಹಾಗೆ ಮಾಡಿದರೆ ನಿಮ್ಮನ್ನು ಕೋರ್ಸಿನಿಂದ ಆಚೆ ಹಾಕುತ್ತಾರೆ, ಹಾಕಬೇಕು ಕೂಡ. ಆಗ ನಮಗೆ ಅದು ತಪ್ಪು ಅಂತ ಯಾರೂ ಕಲಿಸಿರಲಿಲ್ಲ, ಕಲಿಸಬೇಕಾದವಳು ನಾನೇ. ನಾಗೇಂದ್ರ ಬಿಳಿ ಬಣ್ಣದಲ್ಲಿ ಗೊಂಬೆ ಬರೆದ. ಮರುದಿನ ಬೆಳಿಗ್ಗೆ ಅದೂ ಇರಲಿಲ್ಲ. ಅಂಗಡಿಯ ಬಣ್ಣ, ಅಂಟು ಇರುವಂಥದ್ದು, ಅದು ಹೇಗೆ ಹೋಯಿತು?

ಇಮಾಮ್ ಸಾಹೇಬರು ಹಸೆಮಣೆಯ ಕಡೆ ಬೆರಳು ತೋರಿಸಿದರು. ಗಂಡು ಕೂರುವ ಕಡೆಯ ತುದಿಯಲ್ಲಿ ಬಿಳಿ ಪುಡಿ, ಜರಡಿ ಹಿಡಿದಷ್ಟು ಸಣ್ಣದು. ಗೊಂಬೆ ಇದ್ದದ್ದು ಫಲಕದ ನಟ್ಟನಡುವೆ. ಬಿದ್ದರೆ ಮಣೆಯ ನಡುವೆ ಬೀಳಬೇಕು. ಕಿಂಡಿಯಿಂದ ಗಾಳಿ ಬೀಸಿರಬಹುದು ಅನ್ನಿ, ನಾನೂ ಹಾಗೆಯೇ ಅಂದೆ. ಸಾಹೇಬರು ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು. ಮಾರನೆಯ ಬೆಳಿಗ್ಗೆ ಮತ್ತೆ ಅಷ್ಟೇ ಪುಡಿ, ಅದೇ ಜಾಗದಲ್ಲಿ. ಫಲಕದಿಂದ ಉದುರಲಿಕ್ಕೆ ಆಗ ಗೊಂಬೆಯೇ ಇರಲಿಲ್ಲ.

"ನಮ್ಮಲ್ಲಿ ಇಂಥದ್ದಕ್ಕೆ ಹೆಸರಿಡೋದಿಲ್ರೀ," ಅಂದರು ಸಾಹೇಬರು. "ಸುಮ್ನ ಜಾಗ ಬಿಟ್ಟು ಕೆಲಸ ಮಾಡ್ತೀವಿ." ಅವತ್ತಿನಿಂದ ಅವರು ಮಣೆಯ ಆ ತುದಿಯ ಹತ್ತಿರ ಹೋಗುವಾಗ ಸ್ವಲ್ಪ ಬಳಸಿಕೊಂಡು ಹೋಗುತ್ತಿದ್ದರು. ಒಂದೆರಡು ದಿನದಲ್ಲಿ ಹುಡುಗರೂ ಹಾಗೇ ಮಾಡತೊಡಗಿದರು. ಯಾರೂ ಯಾರಿಗೂ ಹೇಳಿರಲಿಲ್ಲ.

ಪ್ರಾರಂಭದ ಹಿಂದಿನ ದಿನ ನಡುಮಧ್ಯಾಹ್ನ ಉಡುತಡಿಯ ಯಜಮಾನ ಬಂದ. ಬೇಸಿಗೆ ಇನ್ನೂ ಕಾಲಿಟ್ಟಿರಲಿಲ್ಲ, ಗೋದಾಮಿನ ಒಳಗೆ ತಣ್ಣಗಿತ್ತು. ಅವನು ತನ್ನ ಕಂಬಳಿಯನ್ನು ಪ್ರೀತಿಯಿಂದ ಸವರಿದವನು ಕೈ ಹಿಂದಕ್ಕೆ ಎಳೆದುಕೊಂಡ. "ಯಾರು ಹೊದ್ದಿದ್ರು ಇದನ್ನ?" ಅಂದ. ಯಾರೂ ಮುಟ್ಟಿಲ್ಲ, ಹತ್ತು ದಿನದಿಂದ ಗೋಡೆಯ ಮೇಲೇ ಇದೆ ಅಂದ ನಾಗೇಂದ್ರ. "ಸುಳ್ಳು ಯಾಕ್ ಹೇಳ್ತಿಯೋ ತಮ್ಮಾ? ಬೆಚ್ಚಗೈತಿ. ಈಗಷ್ಟೇ ಯಾರೋ ಬಿಚ್ಚಿಟ್ಟಾರ."

ನಾನು ಹೋಗಿ ಕೈ ಇಟ್ಟೆ. ಮಗ್ಗುಲಲ್ಲಿದ್ದ ಇನ್ನೊಂದು ಕಂಬಳಿ ತಣ್ಣಗಿತ್ತು, ಗೋಡೆ ತಣ್ಣಗಿತ್ತು. ಇದು ಮಾತ್ರ ಮೈ ಬಿಸಿ ಇನ್ನೂ ಆರದ ಹಾಗಿತ್ತು. ಆರೇಳು ವರ್ಷದ ಹಿಂದಿನ ಆ ಎಂಟು ದಿನ ಕಣ್ಣ ಮುಂದೆ ಬಂತು. ಎಷ್ಟು ಹೊದಿಸಿದರೂ ಸಾಲದು ಅಂದವರನ್ನು, ಯಾರೂ ಕರೆಯದ ಹೆಸರು ಹಿಡಿದು ಕರೆದು, ನಾನೇ ಇಲ್ಲಿಗೆ ತಂದೆನೇ? ತಂದು, ಯಾವುದೋ ಹುಡುಗಿಯ ಪಕ್ಕ ನಿಲ್ಲಿಸಿದೆನೇ? ಇಂಥದ್ದನ್ನು ನಾನು ನಂಬುವವಳಲ್ಲ. ಆದರೆ ಅವತ್ತು ವಿಮಲಾ ನಡುಗೋಡೆಯ ಹತ್ತಿರ ಹೋದಾಗೆಲ್ಲ "ಅಲ್ಲಿ ನಿಲ್ಲಬೇಡ, ಈಚೆ ಬಾ" ಅಂತ ಗದರಿದೆ. ಯಜಮಾನ ಕಂಬಳಿ ಮಡಿಸಿಕೊಂಡು ಹೊರಟ, ನಾಗೇಂದ್ರನೂ ತಡೆಯಲಿಲ್ಲ.

ಪ್ರಾರಂಭದ ದಿನ ಬೆಳಿಗ್ಗೆ ಹತ್ತು ಗಂಟೆ. ತಾಲೂಕು ಕಚೇರಿಯ ನಾಲ್ಕು ಜನ, ಕಾಲೇಜಿನ ಮೇಷ್ಟ್ರುಗಳು, ಪೇಟೆಯ ವ್ಯಾಪಾರಿಗಳು ಬಂದಿದ್ದರು. ಪರೀಕ್ಷಕರು ಕನ್ನಡಕ ಒರೆಸಿಕೊಳ್ಳುತ್ತ ಮೊದಲ ಗೋಡೆ ನೋಡುತ್ತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಚೌಡಮ್ಮ. ಹೊಸ ಸೀರೆ, ತಲೆಯಲ್ಲಿ ಹೂವು, ಕೈಯಲ್ಲಿ ಬುಟ್ಟಿ. ಹಿಂದೆ ಹಾಡು ಹೇಳುವ ಇಬ್ಬರು ಹೆಂಗಸರು. ಅವರ ಹಿಂದೆ ಕಣ್ಣರಳಿಸಿಕೊಂಡು ಲಕ್ಷ್ಮಿ. ಮೊದಲ ಬಸ್ಸು ಹಿಡಿದು, ಮದುವೆ ಮನೆ ಯಾವುದು ಅಂತ ಪೇಟೆಯಲ್ಲೆಲ್ಲ ವಿಚಾರಿಸಿಕೊಂಡು ಬಂದಿದ್ದರು. ಬರ್ತಾಳೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ದಿನ ಹೇಳಿದ್ದು ನಾನೇ, ಕರೆದ ಹಾಗೆಯೇ ಅಲ್ಲವೇ? ನಾನು ಕರೆದದ್ದನ್ನು ನಾನೇ ನಂಬಿರಲಿಲ್ಲ, ಅವಳು ನಂಬಿದ್ದಳು.

ಅವಳು ನೇರ ತನ್ನ ಹಸೆಯ ಮುಂದೆ ಹೋಗಿ ನಿಂತಳು. ಖಾಲಿ ಮಣೆ ನೋಡಿದಳು. ಅದರ ಮೇಲಿನ ಚೀಟಿ ನೋಡಿದಳು. ಫಲಕದ ಕೆಳಗೆ ಅಂಟಿಸಿದ್ದ ವಿವರದ ಪಟ್ಟಿಯನ್ನು ಬೆರಳಿನಿಂದ ತಟ್ಟಿ, "ಏನ್ ಬರ್ದೀರಿ ಇದ್ರಾಗೆ? ಓದು" ಅಂದಳು ವಿಮಲಾಗೆ.

ವಿಮಲಾ ಓದಿದಳು. "ಹಸೆ ಚಿತ್ತಾರ. ಕುಪ್ಪಗಡ್ಡೆ. ಕೆಮ್ಮಣ್ಣು, ಅಕ್ಕಿ ಹಿಟ್ಟು."

"ನನ್ ಹೆಸ್ರು?"

"ಇಲ್ಲ ಅಮ್ಮಾ."

"ಗಂಡಿನ್ ಹೆಸ್ರು?"

ವಿಮಲಾ ಅತ್ತುಬಿಟ್ಟಳು. ಚೌಡಮ್ಮ ನಡುಮನೆಯ ಕಡೆ ಬಗ್ಗಿ, ಗಂಡಿನ ಗೊಂಬೆ ಇದ್ದ ಜಾಗದ ಮೇಲೆ ಬೆರಳಾಡಿಸಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಮಗುವಿಗೆ ಪೆಟ್ಟಾದಾಗ ನೋಡುವ ಹಾಗೆ ಅದನ್ನೇ ನೋಡಿದಳು. "ಲಕ್ಷ್ಮೀ," ಅಂದಳು, "ನಿನ್ ಮದ್ವೆಗೆ ನಾನು ಬರ್ಯಂಗಿಲ್ಲ ಮಗಾ. ಅಜ್ಜಿ ಕೈ ಕೆಡ್ತು." ಆ ಹುಡುಗಿಯ ಮುಖ ಬಾಡಿದ್ದು ಈಗಲೂ ನನಗೆ ಕಾಣುತ್ತದೆ.

ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹತ್ತಿರ ಹೋಗಿ, "ತಪ್ಪು ನಂದು, ಚೌಡಮ್ಮ. ಮದುವೆ ಇಲ್ಲ. ನಾನು ಸುಳ್ಳು ಹೇಳಿದೆ" ಅಂದೆ. ವಿಮಲಾ ಕಣ್ಣೊರೆಸಿಕೊಂಡು, "ನಾನು ಕೂರ್ತೀನಿ ಮೇಡಂ. ಅವರ ಕೈ ಉಳಿಯೋದಾದ್ರೆ ಕೂರ್ತೀನಿ" ಅಂದು ಮಣೆಯ ಕಡೆ ಹೆಜ್ಜೆ ಇಟ್ಟಳು. ನಾನು ಅವಳ ರಟ್ಟೆ ಹಿಡಿದು ಎಳೆದೆ. ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದೆ ಅಂತ ಆಮೇಲೆ ಹೇಳಿದಳು.

ಚೌಡಮ್ಮ ಅದನ್ನು ನೋಡಿದಳು. "ಆ ಹುಡ್ಗಿ ಯಾಕೆ ಕೂರ್ಬೇಕು?" ಅಂದಳು. "ಹೆಸ್ರು ಹೇಳ್ದೋಳೇ ಹೆಣ್ಣು. ಹೇಳಿದ್ದು ನೀನು." ಆಮೇಲೆ ದನಿ ತಗ್ಗಿಸಿ, ನನಗೆ ಮಾತ್ರ ಕೇಳುವ ಹಾಗೆ, "ಈಗಿಲ್ಲ ಅಲ್ದಾ ಅವ್ರು?"

"ಇಲ್ಲ."

"ಬರ್ಯೋವಾಗ್ಲೇ ಅನ್ನಿಸ್ತು. ಗೆರೆ ಹಗುರಾಗಿ ಬಂತು." ಮಣೆಯ ಕಡೆ ತಿರುಗಿದಳು. "ಇಲ್ದೋರ ಹೆಸ್ರಿಗೆ ನಾನೆಂದೂ ಬರೆದೋಳಲ್ಲ. ಏನಾಗ್ತದೆ ಅಂತ ನಂಗೂ ಗೊತ್ತಿಲ್ಲ. ಆದ್ರೆ ಬರ್ದಾಯ್ತು. ಕರ್ದೂ ಆಯ್ತು. ಕರ್ಸಿಕೊಂಡೋರನ್ನ ನಿಲ್ಸಿರಬಾರ್ದು. ಕೂತ್ಕ."

"ನಾನು ವಿಧವೆ, ಚೌಡಮ್ಮ," ಅಂದೆ. ಆ ಊರಿನಲ್ಲಿ, ಆ ಕೆಲಸದಲ್ಲಿ, ಆ ಮಾತನ್ನು ಜೋರಾಗಿ ಆಡಿದ್ದು ಅದೇ ಮೊದಲು. ನಾಗೇಂದ್ರ ಕೇಳಿಸಿಕೊಂಡ, ಮುಖ್ಯಸ್ಥರು ಕೇಳಿಸಿಕೊಂಡರು. ಹಾಡಲಿಕ್ಕೆ ಬಂದ ಇಬ್ಬರಲ್ಲಿ ಒಬ್ಬಳು ನಿಜವಾಗಿಯೂ ಒಂದು ಹೆಜ್ಜೆ ಹಿಂದೆ ಸರಿದಳು.

ಚೌಡಮ್ಮ ಸರಿಯಲಿಲ್ಲ. "ಅದ್ಕೇ ಹೇಳಿದ್ದು, ಕೂತ್ಕ ಅಂತ. ನಿನ್ ಗಂಡನ ಪಕ್ಕ ಕೂರಕ್ಕೆ ನೀನಲ್ದೆ ಇನ್ಯಾರನ್ನ ಕರೀಲಿ?"

ಮುಂದೆ ಏನಾಯಿತು ಅನ್ನುವುದನ್ನು ಮೊದಲು ಹೇಳಿ ಮುಗಿಸುತ್ತೇನೆ, ಇಲ್ಲವಾದರೆ ಕೇಳಿಕೊಂಡು ಮನೆಗೆ ಬರುತ್ತೀರಿ. ಲಕ್ಷ್ಮಿಯ ಮದುವೆಗೆ ಹಸೆ ಬರೆದದ್ದು ಚೌಡಮ್ಮನೇ. ನನ್ನನ್ನು ಕರೆದಿದ್ದಳು, ಹೋಗಿದ್ದೆ, ಮುಂದಿನ ಸಾಲಿನಲ್ಲೇ ಕೂರಿಸಿದಳು. ಪರೀಕ್ಷಕರು ನಡೆದದ್ದನ್ನೆಲ್ಲ ನಾವೇ ಏರ್ಪಡಿಸಿದ ಪ್ರಾತ್ಯಕ್ಷಿಕೆ ಅಂದುಕೊಂಡು, ಬಹಳ ಸೊಗಸಾಗಿತ್ತು ಅಂತ ವಿಮಲಾಗೂ ನಾಗೇಂದ್ರನಿಗೂ ಒಳ್ಳೆಯ ಅಂಕ ಕೊಟ್ಟರು. ಮುಖ್ಯಸ್ಥರು ಮರುದಿನದಿಂದ ನನ್ನನ್ನು ಮಿಸ್ ಅನ್ನುವುದು ಬಿಟ್ಟು ಹೆಸರು ಹಿಡಿದು ಕರೆದರು, ಬೇರೇನೂ ಕೇಳಲಿಲ್ಲ. ಆ ಔದಾರ್ಯಕ್ಕೆ ಅವರ ಎರಡೂ ಸೂತ್ರಗಳನ್ನು ಕ್ಷಮಿಸಿದ್ದೇನೆ. ನಾನು ಆಮೇಲೆ ಮಾಡಿಸಿದ ಯಾವ ಪ್ರದರ್ಶನದಲ್ಲೂ ಮಾಡಿದವರ ಹೆಸರಿಲ್ಲದ ಪಟ್ಟಿ ಹಾಕಲಿಲ್ಲ. ಹೆಸರು ಮೊದಲು, ವಸ್ತು ಆಮೇಲೆ. ವಿಮಲಾಳ ಮಗಳೇ, ನಿನಗೆ ಬುದ್ಧಿ ಬೇಕಿದ್ದರೆ ಅದು ಇಷ್ಟೇ. ಯಾರ ಹೆಸರನ್ನೂ ಬಿಡಬೇಡ, ಮತ್ತು ಯಾರ ಹೆಸರನ್ನೂ ಸುಮ್ಮನೆ ಕರೆಯಬೇಡ.

ಈಗ ಆ ಮಣೆಗೆ ಬರುತ್ತೇನೆ. ಚೌಡಮ್ಮ ಚೀಟಿ ಕಿತ್ತು ಪಕ್ಕಕ್ಕಿಟ್ಟು, ಹೆಣ್ಣು ಕೂರುವ ಕಡೆಯ ತುದಿಗೆ ನನ್ನನ್ನು ಕೂರಿಸಿದಳು. ಬುಟ್ಟಿಯಿಂದ ಅರಿಶಿನ ತೆಗೆದು ಕೆನ್ನೆಗೆ ಹಚ್ಚಿದಳು. ಹಾಡು ಎತ್ತಿದಳು. ಹಿಂದೆ ಸರಿದಿದ್ದ ಹೆಂಗಸೂ ಎರಡನೇ ಸಾಲಿಗೆ ದನಿ ಕೂಡಿಸಿದಳು. ತಗಡಿನ ಸೂರಿನ ಕೆಳಗೆ ಆ ಹಾಡು ತುಂಬಿಕೊಂಡಿತು. ನನಗೆ ಅಳು ಬರುತ್ತಿತ್ತು, ತಲೆ ತಗ್ಗಿಸಿ ಕೂತಿದ್ದೆ.

ಹಾಡು ಅರ್ಧ ಆದ ಮೇಲೆ ನನಗೆ ನೆನಪಾಯಿತು. ಕಾಲು ಒಳಗಿರುವ ಮಣೆ ಇದು. ತುದಿಗೆ ಒಬ್ಬರೇ ಕೂತರೆ ಇನ್ನೊಂದು ತುದಿ ಏಳಬೇಕು. ಮುಖ್ಯಸ್ಥರು ಬಿದ್ದದ್ದು ಇದೇ ತುದಿಯಿಂದ, ಅವರು ನನಗಿಂತ ತೆಳ್ಳಗಿದ್ದರು.

ಮೆಲ್ಲಗೆ ಕಣ್ಣೆತ್ತಿದೆ. ಹಲಗೆ ಮಟ್ಟವಾಗಿತ್ತು. ರಸಮಟ್ಟ ಇಟ್ಟು ನೋಡುವ ಅಗತ್ಯವೂ ಇರಲಿಲ್ಲ, ಅಷ್ಟು ಮಟ್ಟ. ಬಾಗಿಲ ಹತ್ತಿರ ಸುತ್ತಿಗೆ ಹಿಡಿದು ನಿಂತಿದ್ದ ಇಮಾಮ್ ಸಾಹೇಬರು ನನ್ನನ್ನು ನೋಡುತ್ತಿರಲಿಲ್ಲ. ಮಣೆಯ ಆ ತುದಿಯನ್ನು ನೋಡುತ್ತಿದ್ದರು. ತಲೆಯ ಟೋಪಿ ಸರಿಮಾಡಿಕೊಂಡು, ಯಾರೋ ಹಿರಿಯರು ಎದುರಿಗೆ ಇದ್ದಾರೇನೋ ಅನ್ನುವಂತೆ ನೆಟ್ಟಗೆ ನಿಂತರು. ನಾನು ಆ ಕಡೆ ತಿರುಗುವ ಧೈರ್ಯ ಮಾಡಲಿಲ್ಲ. ಅತ್ತಲಿನ ತೋಳಿಗೆ ಮಾತ್ರ ಬೆಚ್ಚಗೆ ಅನ್ನಿಸುತ್ತಿತ್ತು. ಹೆದರಿಕೆಯಾಯಿತೇ ಅಂದರೆ ಆಯಿತು. ಏಳಬೇಕು ಅನ್ನಿಸಿತೇ ಅಂದರೆ ಇಲ್ಲ.

ಹಾಡು ಮುಗಿಯಿತು. ಚೌಡಮ್ಮ ನನ್ನ ತಲೆಯ ಮೇಲೆ ಒಂದು ಹಿಡಿ ಅಕ್ಷತೆ ಹಾಕಿದಳು, ಪಕ್ಕದ ಖಾಲಿ ಜಾಗಕ್ಕೆ ಒಂದು ಹಿಡಿ. "ಸಾಕು, ಏಳು ತಾಯಿ," ಅಂದಳು. ನಾನು ಕೈ ಊರಿ ಏಳಲಿಕ್ಕೆ ಹೊರಟೆ.

"ತಡೀರಿ ಮೇಡಂ," ಅಂದರು ಇಮಾಮ್ ಸಾಹೇಬರು, ಮೆತ್ತಗೆ. "ಹೇಳಿ ಏಳ್ರೀ. ಆ ಕಡಿಯವರು ಬಿದ್ದಾರು."

ಆಗ ತಿರುಗಿದೆ. ಅಲ್ಲಿ ಅಕ್ಷತೆ ಇತ್ತು, ಒಂದಿಷ್ಟು ಬಿಳಿ ಪುಡಿ ಇತ್ತು. "ರೀ," ಅಂದೆ, "ನಾನು ಏಳ್ತೀನಿ."

ಎದ್ದೆ. ಮಣೆ ಅಲುಗಲಿಲ್ಲ. ಇಬ್ಬರೂ ಒಟ್ಟಿಗೇ ಎದ್ದಿರಬೇಕು.